ಕೊಬ್ಬರಿ ತಿಂದರೆ ಎದೆಗೆ ಕುತ್ತೇ?

ಪ್ರಶ್ನೆ: ನಮ್ಮಜ್ಜಿ ದಿನಾ ಬೆಲ್ಲದ ಜೊತೆ ಕೊಬ್ಬರಿ ಚೂರು ತಿಂದೇ ತೊಂಬತ್ತು ದಾಟಿದರು. ನನಗೆ ಡಾಕ್ಟರು ಬೇಡ ಅನ್ನುತ್ತಾರೆ. ಯಾರು ಸರಿ?
– ಓದುಗರೊಬ್ಬರು, ತುರುವೇಕೆರೆ

ಉತ್ತರ: ಕೊಬ್ಬರಿಯಿಂದ ತೆಗೆಯುವ ತೆಂಗಿನೆಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು, ಬೆಣ್ಣೆಯಲ್ಲೂ ಅಷ್ಟಿಲ್ಲ. 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಬಳಸಬೇಡಿ ಎಂದಿತು. ಮರುವರ್ಷ ಹಾರ್ವರ್ಡ್ ಪ್ರಾಧ್ಯಾಪಕಿಯೊಬ್ಬರು ‘ಶುದ್ಧ ವಿಷ’ ಎಂದಾಗ, ಭಾರತದ ತೋಟಗಾರಿಕೆ ಆಯುಕ್ತರೇ ಮಾತು ಹಿಂತೆಗೆದುಕೊಳ್ಳಿ ಎಂದು ಪತ್ರ ಬರೆದರು. ವಿಷ ಎಂದದ್ದು ಅತಿಯಾಯಿತು. ಅಮೃತವೆಂದು ಬಾಟಲಿಯಲ್ಲಿ ಮಾರುವವರ ಮಾತೂ ಅಷ್ಟೇ ಅತಿ. ತೆಂಗಿನೆಣ್ಣೆ ‘ಒಳ್ಳೆಯ’ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಏರಿಸುವುದು ನಿಜ, ‘ಕೆಟ್ಟ’ ಎಲ್‌ಡಿಎಲ್ಲನ್ನೂ ಏರಿಸುತ್ತದೆ. 2020ರಲ್ಲಿ 16 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಕಂಡದ್ದು ಅದೇ.

ಮಜಾ ಏನೆಂದರೆ, ಕೊಬ್ಬರಿಗೆ ಹೆಸರಾದ ನಿಮ್ಮ ನೆರೆಯ ತಿಪಟೂರು ಸೀಮೆಯ ಒಗ್ಗರಣೆಗೆ ಬೀಳುತ್ತಿದ್ದುದು ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಉಂಡೆ ಕೊಬ್ಬರಿ ಹೆಚ್ಚಾಗಿ ಗಾಣಕ್ಕಲ್ಲ, ಉತ್ತರ ಭಾರತದ ಸಿಹಿತಿಂಡಿಗೆ, ಪೂಜೆಗೆ ಹೋಗುತ್ತದೆ.

2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ ಸುಮಾರು 22 ಗ್ರಾಂ ಸ್ಯಾಚುರೇಟೆಡ್ ಕೊಬ್ಬೇ ಮಿತಿ. 10 ಗ್ರಾಂ ಕೊಬ್ಬರಿ ಚೂರಿನಲ್ಲಿ ಇರುವುದು ಸುಮಾರು 6 ಗ್ರಾಂ. ತುಪ್ಪ, ಹಾಲು, ಕರಿದ ತಿಂಡಿಯ ಲೆಕ್ಕ ಬೇರೆ. ನಿಮ್ಮ ಎಲ್‌ಡಿಎಲ್ ಏರಿದ್ದರೆ ಡಾಕ್ಟರೇ ಸರಿ. ಅಜ್ಜಿಯ ಎಲ್‌ಡಿಎಲ್ ಯಾರೂ ಅಳೆದಿರಲಿಕ್ಕಿಲ್ಲ.