ಕೊಲೆ ತಗ್ಗಿದಾಗಲೇ ನಿಲ್ಲುವ ಅನುದಾನ

ಲಂಡನ್ನಿನಲ್ಲಿ 2010ರಿಂದ 2019ರೊಳಗೆ ಸುಮಾರು ಶೇ. 30ರಷ್ಟು ಯೂತ್ ಕ್ಲಬ್‌ಗಳು ಬಾಗಿಲು ಮುಚ್ಚಿದವು. ಶಾಲೆ ಬಿಟ್ಟ ಮೇಲೆ ಹದಿಹರೆಯದವರು ಬಂದು ಆಡುತ್ತ, ಓದುತ್ತ, ಹಿರಿಯರೊಬ್ಬರ ಕಣ್ಣಳತೆಯಲ್ಲಿ ಸಂಜೆ ಕಳೆಯುತ್ತಿದ್ದ ಜಾಗಗಳಿವು. ಸರ್ಕಾರ ಖರ್ಚು ಇಳಿಸಲು ಹೊರಟಾಗ ಸ್ಥಳೀಯ ಆಡಳಿತಗಳು ಇವುಗಳ ಹಣಕ್ಕೇ ಕತ್ತರಿ ಹಾಕಿದವು. ಇದರ ಪರಿಣಾಮವನ್ನು ಅಳೆದ ಅಧ್ಯಯನವೊಂದನ್ನು ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2024ರಲ್ಲಿ ಪ್ರಕಟಿಸಿತು. ಹತ್ತಿರದ ಕ್ಲಬ್ ಕಳೆದುಕೊಂಡ 10ರಿಂದ 17 ವರ್ಷದವರು ಅಪರಾಧಕ್ಕೆ ಇಳಿಯುವ ಸಂಭವ ಶೇ. 14ರಷ್ಟು ಏರಿತ್ತು. ಪರೀಕ್ಷೆಯ ಅಂಕಗಳೂ ಕುಸಿದಿದ್ದವು. ಉಳಿಸಿದ ಒಂದೊಂದು ಪೌಂಡಿಗೆ ಸಮಾಜ ತೆತ್ತದ್ದು ಹೆಚ್ಚುಕಡಿಮೆ ಮೂರು ಪೌಂಡು.

ಅಮೆರಿಕದಲ್ಲಿ ಈಗ ಇಂಥದೇ ಕಡಿತ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದಿದೆ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಕೇಂದ್ರ ನ್ಯಾಯ ಇಲಾಖೆ ಸುಮಾರು 365 ಅನುದಾನಗಳನ್ನು ಅವಧಿಗೆ ಮೊದಲೇ ರದ್ದು ಮಾಡಿತು. ಅವುಗಳ ಮೂಲ ಮೊತ್ತ 80 ಕೋಟಿ ಡಾಲರಿಗೂ ಹೆಚ್ಚು. ಗುಂಡಿನ ಹಿಂಸೆ ತಡೆಯಲು ಕೇರಿಗಳಲ್ಲಿ ದುಡಿಯುತ್ತಿದ್ದ ಅನೇಕ ಸಂಸ್ಥೆಗಳು ಆ ಪಟ್ಟಿಯಲ್ಲಿದ್ದವು. ಕೆಲವಕ್ಕೆ ಮಾತ್ರ ಹಣ ಮರಳಿ ಸಿಕ್ಕಿತು.

ಈ ಸಂಸ್ಥೆಗಳು ಮಾಡುವ ಕೆಲಸವನ್ನು ತಿಳಿಯದೆ ನಷ್ಟದ ಅಳತೆ ಸಿಗದು. ನಗರದ ಕೊಲೆಗಳಲ್ಲಿ ಬಹುಪಾಲು ನಡೆಯುವುದು ಕೆಲವೇ ಬೀದಿಗಳಲ್ಲಿ, ಜನಸಂಖ್ಯೆಯ ಶೇ. 1ನ್ನೂ ಮುಟ್ಟದ ಸಣ್ಣ ಗುಂಪುಗಳ ನಡುವೆ. ಇಂದು ಗುಂಡೇಟು ತಿಂದವನ ಗೆಳೆಯ ನಾಳೆ ಸೇಡಿಗೆ ಹೊರಡುತ್ತಾನೆ. ಆ ಒಂದು ರಾತ್ರಿ ಅವನ ಮನೆ ಬಾಗಿಲು ತಟ್ಟಿ ಕೂರಿಸಿ ಮಾತಾಡಬಲ್ಲವರು ಬೇಕು. ಎಷ್ಟೋ ಕಡೆ ಆ ಕೆಲಸ ಮಾಡುವವರು ಹಿಂದೆ ಜೈಲು ಕಂಡು, ಬದುಕು ತಿದ್ದಿಕೊಂಡವರು. ಆಫ್ರಿಕದಲ್ಲಿ ಸಾಂಕ್ರಾಮಿಕ ರೋಗಗಳ ವಿರುದ್ಧ ದುಡಿದು ಬಂದ ವೈದ್ಯ ಗ್ಯಾರಿ ಸ್ಲಟ್ಕಿನ್ ಈ ದಾರಿಯನ್ನು 2000ದಲ್ಲಿ ಷಿಕಾಗೊದಲ್ಲಿ ಆರಂಭಿಸಿದರು. ಹಿಂಸೆಯೂ ರೋಗದಂತೆ ಒಬ್ಬರಿಂದೊಬ್ಬರಿಗೆ ಹರಡುತ್ತದೆ, ಹರಡುವ ಕೊಂಡಿಯನ್ನು ಕಡಿಯಬೇಕು ಎಂಬುದು ಅವರ ನಂಬಿಕೆ.

ಈ ಬಗೆಯ ಎಲ್ಲ ಯೋಜನೆಗಳೂ ಗೆದ್ದಿಲ್ಲ. ಸಂಶೋಧನೆಗಳಲ್ಲಿ ಏರುಪೇರಿನ ಫಲಿತಾಂಶಗಳೂ ಇವೆ. ಆದರೆ ಕೇರಿಯ ಮಟ್ಟದಲ್ಲಿ ಹಿಂಸೆ ತಡೆಯಬಹುದು ಎಂಬುದಕ್ಕೆ ಗಟ್ಟಿಯಾದ ಪುರಾವೆಯ ಕೊರತೆಯಿಲ್ಲ. ಷಿಕಾಗೊದ 1,634 ವಿದ್ಯಾರ್ಥಿಗಳ ಹೆಸರುಗಳನ್ನು ಚೀಟಿ ಎತ್ತುವ ಬಗೆಯಲ್ಲಿ ವಿಂಗಡಿಸಿ, ಒಂದು ಭಾಗಕ್ಕೆ ಬೇಸಿಗೆಯಲ್ಲಿ ಎಂಟು ವಾರ ಅರೆಕಾಲಿಕ ಕೆಲಸ ಕೊಡಲಾಯಿತು. ಮುಂದಿನ 16 ತಿಂಗಳಲ್ಲಿ ಹಿಂಸೆಯ ಆರೋಪದ ಬಂಧನಗಳು ಅವರಲ್ಲಿ ಶೇ. 43ರಷ್ಟು ಕಡಿಮೆಯಿದ್ದವು. ಸಾರಾ ಹೆಲ್ಲರ್ ಅವರ ಈ ಅಧ್ಯಯನ 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಫಿಲಡೆಲ್ಫಿಯಾದಲ್ಲಿ ಹಾಳುಬಿದ್ದ 541 ಖಾಲಿ ನಿವೇಶನಗಳನ್ನು ಇದೇ ರೀತಿ ವಿಂಗಡಿಸಿ, ಕೆಲವುಗಳ ಕಸ ತೆಗೆದು, ಹುಲ್ಲು ಬೆಳೆಸಿ, ಗಿಡ ನೆಟ್ಟು, ತಗ್ಗಾದ ಬೇಲಿ ಹಾಕಿದರು. ಬಡವರ ಕೇರಿಗಳಲ್ಲಿ ಅಂಥ ಜಾಗಗಳ ಸುತ್ತ ಗುಂಡಿನ ಹಿಂಸೆ ಶೇ. 29ರಷ್ಟು ಇಳಿಯಿತು. ಸಮಾಜಶಾಸ್ತ್ರಜ್ಞ ಪ್ಯಾಟ್ರಿಕ್ ಶಾರ್ಕಿ ಮತ್ತು ಸಂಗಡಿಗರು 264 ನಗರಗಳ ಎರಡು ದಶಕಗಳ ಅಂಕಿಅಂಶ ಜಾಲಾಡಿದರು. ಲಕ್ಷ ಜನರಿಗೆ ಕೇರಿಗಳಲ್ಲಿ ದುಡಿಯುವ ಇಂಥ 10 ಸಂಸ್ಥೆಗಳು ಹೆಚ್ಚಾದಲ್ಲಿ ಕೊಲೆಯ ಪ್ರಮಾಣ ಶೇ. 9ರಷ್ಟು ತಗ್ಗುತ್ತದೆಂದು ಅವರು 2017ರಲ್ಲಿ ತೋರಿಸಿದರು.

ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರವನ್ನು ನೋಡಬೇಕು. ಪೊಲೀಸರು, ಪಾದ್ರಿಗಳು, ಕೇರಿಯ ಕಾರ್ಯಕರ್ತರು ಒಟ್ಟಾಗಿ ನಡೆಸಿದ ‘ಸೀಸ್‌ಫೈರ್’ ಯೋಜನೆ ಅಲ್ಲಿ ಗುಂಡೇಟಿನ ಕೊಲೆಗಳನ್ನು ಶೇ. 31ರಷ್ಟು ಇಳಿಸಿತ್ತೆಂದು 2019ರ ಅಧ್ಯಯನ ಹೇಳಿತು. ಆಮೇಲೆ ನಗರಾಡಳಿತದ ಗಮನ ಬೇರೆಡೆ ತಿರುಗಿತು. ಕೊರೊನಾ ಬಂತು. 2021ರಲ್ಲಿ ಕೊಲೆಗಳು ಮತ್ತೆ 120 ದಾಟಿದವು. ಏರಿಕೆಗೆ ಕೊರೊನಾ ಕಾಲದ ಕಷ್ಟಗಳೂ ಕಾರಣವೇ. ಆದರೆ ನಗರವು ಯೋಜನೆಯ ತಿರುಳನ್ನೇ ಸಡಿಲಗೊಳಿಸಿತ್ತು ಎಂದು 2024ರ ಆರಂಭದಲ್ಲಿ ಹೊರಬಂದ ಪರಿಶೀಲನಾ ವರದಿ ನೇರವಾಗಿ ಹೇಳಿತು.

ನಮ್ಮ ಊರುಗಳಲ್ಲಿ ಕೆರೆಗೆ ನೀರುಗಂಟಿ ಇರುತ್ತಿದ್ದ. ಏರಿ ಒಡೆಯದ ವರ್ಷಗಳಲ್ಲಿ ಅವನ ಕೆಲಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಪರಾಧ ತಡೆಯುವವರ ಪಾಡೂ ಅದೇ. ನಡೆಯದ ಕೊಲೆಗೆ ಎಫ್‌ಐಆರ್ ಇಲ್ಲ, ಪತ್ರಿಕೆಯಲ್ಲಿ ಸುದ್ದಿಯಿಲ್ಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 2022ರಲ್ಲಿ 330ಕ್ಕೂ ಹೆಚ್ಚಿದ್ದ ಕೊಲೆಗಳು 2024ರಲ್ಲಿ 201ಕ್ಕೆ ಇಳಿದವು. ಇಳಿದದ್ದನ್ನು ಕಂಡವರಿಗೆ ಇನ್ನು ಹಣವೇಕೆ ಅನ್ನಿಸುವುದು ಸುಲಭ. ನನ್ನ ಆತಂಕ ಇರುವುದು ಅಲ್ಲೇ.

ಅನುದಾನ ಹುಡುಕುವ ದಾರಿಯೂ ಸಣ್ಣ ಸಂಸ್ಥೆಗಳಿಗೆ ಕಠಿಣ. ಕೇಂದ್ರದ ಹಣ ಬಹಳ ಸಲ ಖರ್ಚಾದ ಮೇಲೆ ಕೈಗೆ ಬರುತ್ತದೆ. ಮೊದಲು ಸಂಬಳ ಕೊಡಲು ಗಂಟಿಲ್ಲದವರು ಅರ್ಜಿಯನ್ನೇ ಹಾಕಲಾರರು. ಅರ್ಜಿಗೆ ದಾಖಲೆ, ಲೆಕ್ಕಪತ್ರ, ವರದಿ ಎಲ್ಲವೂ ಬೇಕು. ಸಿಕ್ಕ ಅನುದಾನವೂ ಕೆಲವೇ ವರ್ಷಗಳದ್ದು. ಬೀದಿಯ ಹುಡುಗರ ವಿಶ್ವಾಸ ಗಳಿಸಲು ವರ್ಷಗಳು ಹಿಡಿಯುತ್ತವೆ. ಸಂಬಳ ನಿಂತ ಕಾರ್ಯಕರ್ತ ಬೇರೆ ಕೆಲಸ ನೋಡಿಕೊಂಡರೆ ಆ ವಿಶ್ವಾಸವೂ ಅವನೊಂದಿಗೇ ಹೋಗುತ್ತದೆ. ಮರುವರ್ಷ ಹಣ ಬಂದರೂ ಅದು ತಾನಾಗಿ ಮರಳದು.

ಪರಿಹಾರ ಗೊತ್ತಿಲ್ಲವೆಂದಲ್ಲ. ಕ್ಯಾಲಿಫೋರ್ನಿಯಾ 2024ರ ಜುಲೈಯಿಂದ ಬಂದೂಕು ಮತ್ತು ಗುಂಡುಗಳ ಮಾರಾಟದ ಮೇಲೆ ಶೇ. 11ರ ತೆರಿಗೆ ಹಾಕಿ, ಹಿಂಸೆ ತಡೆಯುವ ಕೆಲಸಕ್ಕೆ ಕಾಯಂ ಆದಾಯ ಮಾಡಿಕೊಟ್ಟಿತು. ಓಕ್ಲೆಂಡಿನ ಮತದಾರರು ಅದೇ ವರ್ಷ ನವೆಂಬರಿನಲ್ಲಿ ಈ ಸೇವೆಗಳಿಗಾಗಿ ತೆರಿಗೆ ಮುಂದುವರಿಸಲು ಒಪ್ಪಿದರು. ಇಲಿನಾಯ್ ಮತ್ತು ಕನೆಟಿಕಟ್ ರಾಜ್ಯಗಳು ಹಿಂಸೆಯ ಗಾಯಾಳುಗಳ ನಡುವೆ ನಡೆಯುವ ತಡೆ ಕೆಲಸವನ್ನು 2021ರಲ್ಲಿ ಸರ್ಕಾರಿ ಆರೋಗ್ಯ ವಿಮೆಯ ವ್ಯಾಪ್ತಿಗೆ ತರಲು ಕಾನೂನು ಮಾಡಿದವು. ಉಳಿದ ರಾಜ್ಯಗಳೂ ನಗರಗಳೂ ಈ ದಾರಿ ಹಿಡಿಯಬೇಕು. ದಾನಿಗಳು ಒಂದು ವರ್ಷದ ಚೆಕ್ಕಿನ ಬದಲು ಐದು ವರ್ಷಗಳ ಮಾತು ಕೊಡಬೇಕು.

ಕಾಲಾವಕಾಶ ಕಡಿಮೆಯಿದೆ. ಕೊರೊನಾ ಪರಿಹಾರವಾಗಿ 2021ರಲ್ಲಿ ಕೊಟ್ಟ ಕೇಂದ್ರದ ಹಣದಿಂದಲೇ ಎಷ್ಟೋ ನಗರಗಳು ಈ ಕೆಲಸ ನಡೆಸಿಕೊಂಡು ಬಂದಿವೆ. ಆ ಹಣ ಖರ್ಚು ಮಾಡಲು ಕೊನೆಯ ದಿನ 2026ರ ಡಿಸೆಂಬರ್ 31. ಅಷ್ಟರೊಳಗೆ ಬೇರೆ ಆಸರೆ ಸಿಗದ ಕೇರಿಗಳಲ್ಲಿ, ಸೇಡಿನ ರಾತ್ರಿ ಬಾಗಿಲು ತಟ್ಟಲು ಯಾರೂ ಇರುವುದಿಲ್ಲ.