ಗನ್ ಮಕ್ಕಳ ಕೈಗೆ, ಸೆಲ್ ಅಮ್ಮನ ಕೈಗೆ!

ಬೇಸಿಗೆ ರಜೆ ಶುರುವಾಯಿತೆಂದರೆ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ನಿಂತು ನೋಡಿ. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಯಿಂದ ಬಂದ ಹೆಣ್ಣುಮಕ್ಕಳು ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಮಗು ಹಿಡಿದುಕೊಂಡು ತವರೂರಿನ ಬಸ್ಸಿಗೆ ಕಾಯುತ್ತಿರುತ್ತಾರೆ. ಐರಣಿಯಂಥ ಹೊಳೆದಂಡೆಯ ಊರಿನಲ್ಲಿ ಅಜ್ಜಿ ಚಕ್ಕುಲಿ, ಉಂಡಿ ಮಾಡಿಟ್ಟು ದಾರಿ ಕಾಯುತ್ತಿರುತ್ತಾಳೆ. ಬ್ಯಾಗಿನಲ್ಲಿ ಬಟ್ಟೆಯ ಜೊತೆ ಈಗೀಗ ಇನ್ನೊಂದು ವಸ್ತುವೂ ಬರುತ್ತದೆ. ಕಿತ್ತಳೆ, ನೀಲಿ ಬಣ್ಣದ, ಸ್ಪಂಜಿನ ಗುಂಡು ಹಾರಿಸುವ ಬ್ಯಾಟರಿ ಗನ್ನು!

ಮಕ್ಕಳ ಬಾಯಲ್ಲಿ ಇದರ ಹೆಸರು 'ನರ್ಫ್ ಗನ್'. ಯಾವ ಕಂಪನಿಯದ್ದಾದರೂ ಅವರಿಗೆ ಅದು ನರ್ಫೇ. 'ಮಮ್ಮಿ, ಕ್ಲಾಸಲ್ಲಿ ಎಲ್ರ ಹತ್ರಾನೂ ಐತಿ, ನಂಗಷ್ಟೇ ಇಲ್ಲ' ಎಂಬ ರಾಗ ನಿಮ್ಮ ಮನೆಯಲ್ಲೂ ಕೇಳಿರಬೇಕು. ಕೊಡಿಸಬೇಕೋ ಬೇಡವೋ? ಕೊಡಿಸಿದರೆ ಎಂಥದ್ದು? ಕೊಡಿಸಿದ ಮೇಲೆ ಮಾಡುವುದೇನು? ಬನ್ನಿ, ಒಂದೊಂದಾಗಿ ನೋಡೋಣ.

ಚೆಂಡಿನಿಂದ ಗುಂಡಿಗೆ

ಈ ಆಟಿಕೆಯ ಮೂಲ ಒಂದು ಸ್ಪಂಜಿನ ಚೆಂಡು! ಅಮೆರಿಕದ ರೇನ್ ಗೈಯರ್ ಎಂಬುವವರು 1969ರ ಹೊತ್ತಿಗೆ ರೂಪಿಸಿದ ಈ ಚೆಂಡನ್ನು ಪಾರ್ಕರ್ ಬ್ರದರ್ಸ್ ಎಂಬ ಕಂಪನಿ ಮಾರುಕಟ್ಟೆಗೆ ತಂದಿತು. ಮನೆಯೊಳಗೆ ಎಸೆದಾಡಿದರೂ ದೀಪ, ಕಿಟಕಿ ಒಡೆಯುವುದಿಲ್ಲ ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು. ಆಮೇಲೆ ನರ್ಫ್ ಹ್ಯಾಸ್ಬ್ರೋ ಕಂಪನಿಯ ಪಾಲಾಯಿತು. 1990ರ ದಶಕದಲ್ಲಿ ಚೆಂಡಿನ ಜಾಗಕ್ಕೆ ಗುಂಡು ಬಂತು. ಮೊದಮೊದಲು ಸ್ಪ್ರಿಂಗ್ ಎಳೆದು ಹೊಡೆಯುವ ಗನ್ನುಗಳೇ ಹೆಚ್ಚು. ಬರಬರುತ್ತಾ ಬ್ಯಾಟರಿ ಬಂತು. 2012ರಲ್ಲಿ ಬಂದ 'ಸ್ಟ್ರೈಫ್' ಎಂಬ ಗನ್ನಿಗೆ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಸಾಕಿತ್ತು.

ಬ್ಯಾಟರಿ ಗನ್ನಿನ ಒಳಗೆ ಎರಡು ಪುಟ್ಟ ಮೋಟಾರು, ಎರಡು ಗಾಲಿ ಇರುತ್ತವೆ. ಕಬ್ಬಿನ ಹಾಲಿನ ಗಾಣ ನೋಡಿದ್ದೀರಲ್ಲ? ಎರಡು ಉರುಳೆಗಳ ನಡುವೆ ಕಬ್ಬು ತೂರಿ ಹೋಗುವ ಹಾಗೆಯೇ ಇಲ್ಲೂ ಎದುರುಬದುರು ತಿರುಗುವ ಎರಡು ಗಾಲಿಗಳ ನಡುವೆ ಗುಂಡು ಸಿಕ್ಕಿ ಮುಂದಕ್ಕೆ ಚಿಮ್ಮುತ್ತದೆ. ಒಂದು ಬಟನ್ ಒತ್ತಿದರೆ 'ಗುಂಯ್' ಅಂತ ಗಾಲಿ ತಿರುಗುತ್ತದೆ, ಇನ್ನೊಂದು ಒತ್ತಿದರೆ ಗುಂಡು ಹಾರುತ್ತದೆ.

ನಾವು ಅಮ್ಮಂದಿರು ಗಮನಿಸಬೇಕಾದ ಸಂಗತಿ ಇರುವುದು ಇಲ್ಲೇ. ಸ್ಪ್ರಿಂಗಿನ ಗನ್ನನ್ನು ಪ್ರತಿ ಸಲ ಎಳೆಯಬೇಕಿತ್ತು. ನಾಲ್ಕು ವರ್ಷದ ಕೂಸಿಗೆ ಅಷ್ಟು ಬಲ ಇರುತ್ತಿರಲಿಲ್ಲ. ದೊಡ್ಡವನಿಗೂ ಒಂದು ಗುಂಡು ಹೊಡೆದು ಇನ್ನೊಂದು ಹೊಡೆಯುವಷ್ಟರಲ್ಲಿ ಸ್ವಲ್ಪ ಪುರುಸೊತ್ತು ಸಿಗುತ್ತಿತ್ತು, ಎದುರಿನವರು ಓಡುತ್ತಿದ್ದರು. ಬ್ಯಾಟರಿ ಬಂದು ಆ ತಡೆಯನ್ನೇ ತೆಗೆದುಹಾಕಿತು. ಈಗ ಬೆರಳಿಟ್ಟರೆ ಸಾಕು, ಯಾವ ವಯಸ್ಸಿನ ಮಗುವೂ ಹೊಡೆಯಬಹುದು, ಒಂದರ ಹಿಂದೊಂದು ಹೊಡೆಯಬಹುದು. ಹೋದ ತಡೆಯನ್ನು ಮತ್ತೆ ಹಾಕುವ ಕೆಲಸ ಮನೆಯವರದ್ದು.

ಮೆತ್ತಗಿದ್ದರೂ ಪೆಟ್ಟೇ?

'ಸ್ಪಂಜಲ್ವಾ, ಏನಾಗುತ್ತೆ ಬಿಡಿ' ಎನ್ನುವವರೇ ಹೆಚ್ಚು. ಮೈ ಕೈಗೆ ಬಿದ್ದರೆ ನಿಜಕ್ಕೂ ಏನೂ ಆಗುವುದಿಲ್ಲ. ಕಣ್ಣಿನ ಮಾತೇ ಬೇರೆ. ಒಳ್ಳೆಯ ಗನ್ನಿನಿಂದ ಹೊರಟ ಗುಂಡು ಸೆಕೆಂಡಿಗೆ ಸುಮಾರು 20 ಮೀಟರ್ ಹೋಗುತ್ತದೆ. ಅಂದರೆ ಗಂಟೆಗೆ 70 ಕಿಲೋಮೀಟರ್ ದಾಟಿದ ವೇಗ. ರಾಣೆಬೆನ್ನೂರು ಪಕ್ಕದ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬಸ್ಸು ಓಡುವಷ್ಟು! ಎರಡು ಮೀಟರ್ ದೂರದಿಂದ ಹೊಡೆದರೆ ಸೆಕೆಂಡಿನ ಹತ್ತರಲ್ಲಿ ಒಂದು ಪಾಲಿನಷ್ಟು ಹೊತ್ತಿಗೆ ಅದು ಮುಖ ಮುಟ್ಟುತ್ತದೆ. ಮಗು ತಲೆ ತಿರುಗಿಸುವುದು ಹಾಗಿರಲಿ, ರೆಪ್ಪೆ ಮುಚ್ಚಲೂ ಹೊತ್ತು ಸಾಲದು.

ಇನ್ನೊಂದು ವಿಷಯ. ದೊಡ್ಡ ಚೆಂಡು ಮುಖಕ್ಕೆ ಬಡಿದರೆ ಕಣ್ಣಿನ ಸುತ್ತಲಿನ ಎಲುಬು ಹೆಚ್ಚಿನ ಪೆಟ್ಟು ತಾನು ತಿಂದು ಕಣ್ಣನ್ನು ಕಾಪಾಡುತ್ತದೆ. ಈ ಗುಂಡಿನ ದಪ್ಪ ಅರ್ಧ ಇಂಚು ಮಾತ್ರ. ಎಲುಬಿನ ನಡುವೆ ನುಗ್ಗಿ ನೇರ ಕಣ್ಣುಗುಡ್ಡೆಗೇ ತಾಗುತ್ತದೆ. ಲಂಡನ್ನಿನ ಹೆಸರಾಂತ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯ ವೈದ್ಯರು 2017ರಲ್ಲಿ ಇಂಥ ಮೂವರ ವಿಷಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಒಬ್ಬರು 32 ವರ್ಷದ ಗಂಡಸು, ಇನ್ನೊಬ್ಬರು 43 ವರ್ಷದ ಹೆಂಗಸು, ಮತ್ತೊಬ್ಬ 11 ವರ್ಷದ ಹುಡುಗ. ಮೂವರಿಗೂ ಕಣ್ಣಿನೊಳಗೆ ರಕ್ತ ಇಳಿದು ನೋಟ ಮಸುಕಾಗಿತ್ತು. ಹುಡುಗನಿಗಂತೂ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಹಿಂದಿನ ಅಕ್ಷಿಪಟಲ ಎರಡೂ ಬಾತಿದ್ದವು. ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಬಂದದ್ದರಿಂದ ಔಷಧಿಯಲ್ಲಿ ಗುಣವಾಯಿತು. ಕಂಪನಿಯದ್ದಲ್ಲದ ಅಗ್ಗದ ಗುಂಡುಗಳ ತುದಿ ಇನ್ನೂ ಗಟ್ಟಿಯಾಗಿರುತ್ತದೆ ಎಂದೂ ಆ ವೈದ್ಯರು ಎಚ್ಚರಿಸಿದ್ದರು.

ಕೊಳ್ಳುವಾಗ ಇಷ್ಟು ನೋಡಿ

* ಐಎಸ್ಐ ಗುರುತು: 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಈ ಗುರುತು ಕಡ್ಡಾಯ. ಬ್ಯಾಟರಿ ಆಟಿಕೆಯಾದರೆ ಗುರುತಿನ ಮೇಲೆ 'ಐಎಸ್ 15644' ಎಂದೂ, ಕೆಳಗೆ 'ಸಿಎಂ/ಎಲ್' ಎಂದು ಶುರುವಾಗುವ ಲೈಸೆನ್ಸ್ ನಂಬರೂ ಇರಬೇಕು. ಫೋನಿನಲ್ಲಿ 'ಬಿಐಎಸ್ ಕೇರ್' ಆ್ಯಪ್ ಹಾಕಿಕೊಂಡು ಆ ನಂಬರು ನಿಜವೋ ಸುಳ್ಳೋ ಅಂತ ಅಂಗಡಿಯಲ್ಲೇ ನೋಡಬಹುದು. (ಚನ್ನಪಟ್ಟಣದ ಗೊಂಬೆಯಂಥ, ಜಿಐ ಮಾನ್ಯತೆ ಪಡೆದ ಕರಕುಶಲ ಆಟಿಕೆಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ಅವುಗಳ ಮೇಲೆ ಗುರುತು ಕಾಣದಿದ್ದರೆ ಗಾಬರಿಯಾಗಬೇಡಿ.)

* ವಯಸ್ಸು: ಡಬ್ಬಿಯ ಮೇಲೆ '8+' ಎಂದಿದ್ದರೆ ಅದು ಅಲಂಕಾರಕ್ಕೆ ಬರೆದದ್ದಲ್ಲ. 'ನಮ್ಮವ ಐದಕ್ಕೇ ಚುರುಕದಾನ' ಎನ್ನಬೇಡಿ.

* ಗುಂಡಿನ ತುದಿ: ಉಗುರಿನಿಂದ ಒತ್ತಿ ನೋಡಿ. ತಗ್ಗದಷ್ಟು ಗಟ್ಟಿಯಿದ್ದರೆ ಬೇಡ. ಎಳೆದರೆ ಕಿತ್ತು ಬರುವಂತಿದ್ದರೂ ಬೇಡ. ಕಿತ್ತು ಬಂದ ತುದಿ ಪುಟ್ಟ ಮಗುವಿನ ಗಂಟಲಿಗೆ ಸಿಕ್ಕಿಕೊಂಡೀತು.

* ನೀರುಮಣಿ ಗನ್ನು: ಸಾಬಕ್ಕಿಯಂಥ ಬಣ್ಣದ ಕಾಳನ್ನು ನೀರಲ್ಲಿ ನೆನೆಸಿ ಹಾರಿಸುವ ಗನ್ನು ಬೇರೆಯೇ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅದರ ಗೊಡವೆಗೇ ಹೋಗಬೇಡಿ. ನುಂಗಿದ ಕಾಳು ಹೊಟ್ಟೆಯೊಳಗೆ ಉಬ್ಬಿ ಕರುಳನ್ನೇ ಮುಚ್ಚಬಹುದು.

ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನ ಬಳಿ ಗುರುತೇ ಇಲ್ಲದ ಮಾಲು ಕಡಿಮೆ ಬೆಲೆಗೆ ಸಿಕ್ಕೀತು. ನಾಲ್ಕು ಕಾಸು ಉಳಿಯಿತೆಂದು ಹಿಗ್ಗುವ ಮೊದಲು ಅದರ ಗುಂಡು ಯಾರ ಮುಖದ ಕಡೆ ಹೋಗುತ್ತದೆ ಎಂದು ನೆನೆಸಿಕೊಳ್ಳಿ. ಗುರುತಿಲ್ಲದ ಆಟಿಕೆ ಮಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು.

ಸೆಲ್ಲಿನ ಕೀಲಿಕೈ

ಈಗ ತಲೆಬರಹದ ಮಾತಿಗೆ ಬರೋಣ. ಸೆಲ್ ಇಲ್ಲದ ಗನ್ನು ಬರೀ ಪ್ಲಾಸ್ಟಿಕ್ಕು. ಹೀಗಾಗಿ ಆಟ ಮುಗಿದ ಕೂಡಲೇ ಸೆಲ್ ತೆಗೆದು ಅಲಮಾರಿಯ ಮೇಲಿನ ಅರೆಯಲ್ಲಿಡಿ. ಆಟಕ್ಕೆ ಕೇಳಿದಾಗ ನೀವೇ ಹಾಕಿಕೊಡಿ. ಚಾರ್ಜ್ ಮಾಡುವ ಗನ್ನಾದರೆ ಇಡೀ ಗನ್ನೇ ಅಲಮಾರಿಗೆ. ಅರ್ಧ ತಾಸಿನ ಆಟ, ದೊಡ್ಡವರು ಕಣ್ಣೆದುರಿಗೆ ಇದ್ದಾಗ ಮಾತ್ರ. ಇಷ್ಟು ಮಾಡಿದರೆ ಅರ್ಧ ಅಪಾಯ ಕಳೆದ ಹಾಗೆಯೇ.

ಸೆಲ್ಲಿನ ಬಗ್ಗೆ ಇನ್ನೆರಡು ಮಾತು. ಹಳೇ ಸೆಲ್ಲಿನ ಜೊತೆ ಹೊಸದನ್ನು ಬೆರೆಸಬೇಡಿ, ಸೋರುತ್ತದೆ. ಸೋರಿದ ದ್ರವ ಚರ್ಮ, ಕಣ್ಣು ಎರಡನ್ನೂ ಸುಡಬಲ್ಲದು. ಹೈಸ್ಕೂಲಿನ ಹುಡುಗರು ವಿಡಿಯೋ ನೋಡಿ ಪೆನ್ಸಿಲ್ ಸೆಲ್ಲಿನ ಜಾಗದಲ್ಲಿ ಅದೇ ಅಳತೆಯ ಲಿಥಿಯಂ ಸೆಲ್ ಹಾಕುವುದುಂಟು. ಮಾಮೂಲಿ ಸೆಲ್ಲು ಒಂದಕ್ಕೆ 1.5 ವೋಲ್ಟು, ಅದು 3.7 ವೋಲ್ಟು! ಗುಂಡಿನ ವೇಗ ಏರುತ್ತದೆ, ಮೋಟಾರು ಕಾದು ಸುಡುತ್ತದೆ. ಸೆಲ್ಲಿನ ಮೇಲೆ ಬರೆದದ್ದನ್ನು ಒಮ್ಮೆ ಓದಿಬಿಡಿ. ಗನ್ನಿಗೆ ಲೇಸರ್ ಲೈಟು ಇದ್ದರೆ ಅದರೊಳಗಿನ ಗುಂಡಿಯಂಥ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಮಗು ಅದನ್ನು ನುಂಗಿದರೆ ಎರಡು ತಾಸಿನೊಳಗೆ ಅನ್ನನಾಳ ಸುಡಬಹುದು. 'ನಾಳೆ ಮಲದಾಗ ಬರ್ತೈತಿ ಬಿಡು' ಅಂತ ಕಾಯುವ ವಿಷಯ ಅದಲ್ಲ, ತಕ್ಷಣ ಆಸ್ಪತ್ರೆ.

ಆಟಕ್ಕೆ ಮನೆಯ ಕಾನೂನು

1. ಮುಖಕ್ಕೆ ಗುರಿ ಇಲ್ಲ. ತಪ್ಪಿದವರ ಗನ್ನು ಅಂದಿಗೆ ಬಂದ್. ಚೌಕಾಸಿ ಇಲ್ಲ.

2. ಎದುರುಬದುರು ಆಡುವವರೆಲ್ಲರಿಗೂ ಕನ್ನಡಕ. ಓದುವ ಕನ್ನಡಕ ಸಾಲದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗಟ್ಟಿ, ಪಾರದರ್ಶಕ ಸೇಫ್ಟಿ ಗ್ಲಾಸ್ ಬೇಕು.

3. ಗುಂಡು ಸಿಕ್ಕಿಕೊಂಡರೆ ನಳಿಕೆಯೊಳಗೆ ಇಣುಕುವುದು ನಿಷಿದ್ಧ! ಮಕ್ಕಳು ಮೊದಲು ಮಾಡುವುದೇ ಅದನ್ನು. ಬಟನ್ ಬಿಟ್ಟ ಮೇಲೂ ಗಾಲಿ ಕೊಂಚ ಹೊತ್ತು ತಿರುಗುತ್ತಲೇ ಇರುತ್ತದೆ. ಸದ್ದು ಪೂರ್ತಿ ನಿಂತ ಮೇಲೆ ಸ್ವಿಚ್ ಆರಿಸಿ, ದೊಡ್ಡವರೇ ತೆಗೆಯಬೇಕು.

4. ರಸ್ತೆಯಲ್ಲಿ ಹೋಗುವ ಬೈಕಿನವರು, ನಾಯಿ, ಬೆಕ್ಕು ಗುರಿಯಲ್ಲ.

5. ಇಪ್ಪತ್ತು ಗುಂಡು ಕೊಟ್ಟರೆ ಇಪ್ಪತ್ತೂ ಎಣಿಸಿ ವಾಪಸ್. ಸ್ಪಂಜು ಬಿಟ್ಟು ಪೆನ್ಸಿಲ್, ಕಡ್ಡಿ, ಕಲ್ಲು ಯಾವುದನ್ನೂ ಗನ್ನಿಗೆ ಹಾಕುವಂತಿಲ್ಲ.

ಹಾಗಿದ್ದರೆ ಹೊಡೆಯುವುದು ಯಾವುದಕ್ಕೆ? ಹಳೇ ಸೀರೆಯೊಂದನ್ನು ಹಗ್ಗದ ಮೇಲೆ ಪರದೆಯ ಹಾಗೆ ಇಳಿಬಿಡಿ. ಅದರ ಮುಂದೆ ಪೇಪರ್ ಕಪ್ಪಿನ ಗೋಪುರ ಕಟ್ಟಿ. ತಪ್ಪಿದ ಗುಂಡು ಸೀರೆಗೆ ಬಡಿದು ಅಲ್ಲೇ ಬೀಳುತ್ತದೆ, ಮಂಚದ ಕೆಳಗೆ ಹುಡುಕುವ ಕೆಲಸವೂ ತಪ್ಪುತ್ತದೆ. ಕಪ್ಪಿನ ಮೇಲೆ ನಂಬರು ಬರೆದರೆ ಲೆಕ್ಕದ ಆಟವೂ ಆಯಿತು.

ತವರಿನ ಅಂಗಳದಲ್ಲಿ ಇನ್ನಷ್ಟು ಎಚ್ಚರ ಬೇಕು. ಪಟ್ಟಣದ ಮನೆಯಲ್ಲಿ ಮಕ್ಕಳು ಒಬ್ಬರೋ ಇಬ್ಬರೋ. ಊರಲ್ಲಿ ಚಿಗವ್ವನ ಮಕ್ಕಳು, ಸೋದರಮಾವನ ಮಕ್ಕಳು ಸೇರಿ ಹತ್ತು ಜನ. ಅದರಲ್ಲಿ ಹನ್ನೆರಡರವನೂ ಇರುತ್ತಾನೆ, ಅಂಬೆಗಾಲಿಡುವ ಕೂಸೂ ಇರುತ್ತದೆ. ಕಟ್ಟೆಯ ಮೇಲೆ ಕಾಳು ಆರಿಸುತ್ತ ಕೂತ ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿರಬಹುದು. ಅಂಥ ಕಣ್ಣಿಗೆ ಪೆಟ್ಟು ಬಿದ್ದರೆ ಅಪಾಯ ಇಮ್ಮಡಿ. ಅಂಗಳದಲ್ಲಿ ಗುಂಡು ಬಿಟ್ಟರೆ ಮೇವಿನ ಜೊತೆ ದನದ ಹೊಟ್ಟೆಗೂ ಹೋದೀತು. ಬಸ್ಸಿಳಿದ ದಿನವೇ ಎಲ್ಲ ಮಕ್ಕಳನ್ನೂ ಕೂರಿಸಿ ಕಾನೂನು ಹೇಳಿಬಿಡಿ. ತಂಗಿಗೂ ಅತ್ತಿಗೆಗೂ ಹೇಳಿ.

ಕಣ್ಣಿಗೆ ತಗುಲಿಯೇಬಿಟ್ಟರೆ?

ನಮ್ಮ ಕಡೆ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಕಣ್ಣಿಗೆ ಬಿದ್ದರೆ ಚೆನ್ನಾಗಿ ನೀರು ಹಾಕಿ ತೊಳೆಯುತ್ತೇವೆ, ಅದು ಸರಿ. ಗುಂಡಿನ ಪೆಟ್ಟಿಗೆ ಆ ಮದ್ದು ನಡೆಯದು. ಉಜ್ಜಬೇಡಿ, ಒತ್ತಬೇಡಿ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ, ಮನೆಯಲ್ಲಿದ್ದ ಹಳೇ ಡ್ರಾಪ್ಸ್ ಯಾವುದನ್ನೂ ಹಾಕಬೇಡಿ. ಪೇಪರ್ ಕಪ್ಪಿನ ತಳ ಕತ್ತರಿಸಿ, ಕಣ್ಣುಗುಡ್ಡೆಗೆ ತಾಗದ ಹಾಗೆ ಮೇಲೆ ಮುಚ್ಚಿ ಅಂಟಿಸಿ. ತಲೆ ಎತ್ತರಿಸಿ ಮಲಗಿಸಿ. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ರಕ್ತ ಸೋರುವುದು ಹೆಚ್ಚಾಗಬಹುದು.

ನೋಟ ಮಸುಕು, ಬೆಳಕು ನೋಡಿದರೆ ನೋವು, ಕಪ್ಪುಗುಡ್ಡೆಯ ಮುಂದೆ ಕೆಂಪು ಗೆರೆ, ವಾಂತಿ, ಮಂಪರು ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಏನೂ ಕಾಣದಿದ್ದರೂ ಅದೇ ದಿನ ಒಮ್ಮೆ ತೋರಿಸಿ. ಯಾಕೆಂದರೆ ಒಳಗೆ ಇಳಿದ ರಕ್ತ ತುಸುವೇ ಇದ್ದರೆ ಬರಿಗಣ್ಣಿಗೆ ಕಾಣುವುದಿಲ್ಲ. ಮೊದಲ ಐದು ದಿನಗಳಲ್ಲಿ ಮತ್ತೆ ರಕ್ತ ಸೋರುವ ಭಯವಿದೆ. ಕಣ್ಣಿನ ಒತ್ತಡ ಏರಿ ವರ್ಷಗಳ ನಂತರ ಗ್ಲಾಕೋಮಾ ಬರುವುದೂ ಉಂಟು. ಊರಿನ ಮದುವೆ, ಜಾತ್ರೆ ಇದ್ದರೂ ಸರಿ, ಇದನ್ನು ನಾಳೆಗೆ ದೂಡಬೇಡಿ. ಬೈಯುತ್ತಾರೆಂಬ ಭಯಕ್ಕೆ ಮಕ್ಕಳು ಪೆಟ್ಟನ್ನು ಮುಚ್ಚಿಡುತ್ತಾರೆ. 'ಕಣ್ಣಿಗೆ ಬಿದ್ದರೆ ಬಂದು ಹೇಳು, ಬೈಯಲ್ಲ' ಎಂದು ಮೊದಲೇ ಮಾತು ಕೊಟ್ಟಿರಿ.

ಗನ್ನಿನ ಆಟ ಆಡಿದರೆ ಮಗು ಒರಟಾಗುತ್ತದೆಯೇ ಎಂಬ ಅಳುಕು ಕೆಲವರಿಗಿದೆ. ನೆನಪಿಸಿಕೊಳ್ಳಿ, ನಮ್ಮ ಅಜ್ಜಂದಿರು ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಕವಣೆ ಬೀಸಿದವರು. ಮಲೆನಾಡಿನ ಹುಡುಗರು ಬಿದಿರಿನ ಪೆಟ್ಲಿನಲ್ಲಿ ಕಾಯಿ ಹಾರಿಸಿದವರು. ಕವಣೆ ಕೈಗೆ ಬರುವ ಮೊದಲು 'ಮಂದಿ ಕಡೆ ಬೀಸಬ್ಯಾಡ' ಎಂಬ ಮಾತು ಕಿವಿಗೆ ಬಿದ್ದಿರುತ್ತಿತ್ತು. ಅಂಗಡಿಯಿಂದ ಬರುವ ಡಬ್ಬಿಯಲ್ಲಿ ಗನ್ನು ಇರುತ್ತದೆ, ಗುಂಡು ಇರುತ್ತದೆ, ಆ ಒಂದು ಮಾತು ಮಾತ್ರ ಇರುವುದಿಲ್ಲ. ಅದನ್ನು ಸೇರಿಸಿಯೇ ಮಗುವಿನ ಕೈಗೆ ಕೊಡಿ, ಏನಂತೀರಿ?