ಚಲನಚಿತ್ರದ ಮಯೂರ, ಶಾಸನದ ಮಯೂರ

ಚಲನಚಿತ್ರವೆಂದೊಡನೆ ಹುಬ್ಬು ಗಂಟಿಕ್ಕುವ ಅಧ್ಯಾಪಕರ ಸಾಲಿಗೆ ನಾವು ಸೇರಿದವರಲ್ಲ. ಬಾಲ್ಯದಲ್ಲಿ ಊರಿನ ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು ‘ಮಯೂರ’, ‘ಬಭ್ರುವಾಹನ’, ‘ಶ್ರೀಕೃಷ್ಣದೇವರಾಯ’ ಮೊದಲಾದ ಚಿತ್ರಗಳನ್ನು ಎಷ್ಟು ಸಲ ನೋಡಿದೆವೆಂಬುದಕ್ಕೆ ಲೆಕ್ಕವಿಲ್ಲ. ಚಿತ್ರ ಮುಗಿದ ಮರುಗಳಿಗೆ ಮನೆಯ ಅಂಗಳವೇ ರಣರಂಗ. ಕೈಗೆ ಸಿಕ್ಕ ಕೋಲೇ ಖಡ್ಗ, ಅಜ್ಜಿಯ ಶಾಲೇ ರಾಜವಸ್ತ್ರ. ಆ ಅಭಿಮಾನ ಇಂದಿಗೂ ಮಾಸಿಲ್ಲ. ಆದರೆ ಅದೇ ಅಭಿಮಾನವು ನಮ್ಮಿಂದ ಒಂದು ತಪ್ಪನ್ನೂ ಮಾಡಿಸಿತು. ಅದನ್ನು ವಿದ್ಯಾರ್ಥಿ ಮಿತ್ರರ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ. ಅದಕ್ಕೆ ಮೊದಲು, ಆ ನಟರು ನಮ್ಮನ್ನು ಅಷ್ಟೊಂದು ಸೆರೆಹಿಡಿದುದು ಹೇಗೆಂಬುದನ್ನು ತಿಳಿಸಬೇಕು.

ರಾಜಕುಮಾರರು ಹುಟ್ಟಿದುದು 1929ರಲ್ಲಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ನಟರಾಗಿದ್ದರು. ಬಾಲಕ ಮುತ್ತುರಾಜನಿಗೆ ಶಾಲೆಯ ಸಹವಾಸ ಬೇಗನೆ ತಪ್ಪಿ ಹೋಯಿತು. ಮುಂದೆ ಓದೆಲ್ಲವೂ ರಂಗಭೂಮಿಯ ಮೇಲೆಯೇ. ಕಂಪನಿ ನಾಟಕದ ಪಾಠ ಸುಲಭವಾದುದಾಗಿರಲಿಲ್ಲ. ಧ್ವನಿವರ್ಧಕವಿಲ್ಲದೆ ಬೆಳೆದ ರಂಗಭೂಮಿ ಅದು. ಡೇರೆಯ ಕೊನೆಯಲ್ಲಿ ನೆಲದ ಮೇಲೆ ಕುಳಿತ ಪ್ರೇಕ್ಷಕನಿಗೂ ಪ್ರತಿಯೊಂದು ಅಕ್ಷರ ಕೇಳಬೇಕು. ಬರಿಯ ಕೂಗಿನಿಂದ ಅದು ಸಾಧ್ಯವಿಲ್ಲ. ಕೂಗಿದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಎಲ್ಲಿ ಉಸಿರೆಳೆಯಬೇಕು, ಎಲ್ಲಿ ನಿಲ್ಲಬೇಕು, ಒತ್ತಕ್ಷರದ ಮೇಲೆ ಎಷ್ಟು ಭಾರ ಬೀಳಬೇಕು, ಮಹಾಪ್ರಾಣವನ್ನು ಹೇಗೆ ಎದೆಯಿಂದ ಹೊರಡಿಸಬೇಕು ಎಂಬುದನ್ನೆಲ್ಲ ನಟನು ವರ್ಷಗಟ್ಟಲೆ ರೂಢಿಸಿಕೊಳ್ಳಬೇಕಿತ್ತು. ಜೊತೆಗೆ ಹಾಡಲೂ ಬರಬೇಕು. ಹಾಡು ಮೆಚ್ಚಿಗೆಯಾದರೆ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗುವರು. ಆಗ ಸತ್ತು ಬಿದ್ದ ವೀರನೂ ಎದ್ದು ನಿಂತು, ಪದ್ಯವನ್ನು ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯುತ್ತಿದ್ದನೆಂದು ಹಿರಿಯರು ನಗುತ್ತ ಹೇಳುವುದುಂಟು.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದ ಮೂಲಕ ರಾಜಕುಮಾರರು ಚಿತ್ರರಂಗದ ನಾಯಕರಾದಾಗ ಈ ಶಿಕ್ಷಣವೆಲ್ಲವೂ ಅವರ ಬೆನ್ನಿಗೆ ಬಂದಿತು. 1960ರಲ್ಲಿ ‘ರಣಧೀರ ಕಂಠೀರವ’ವನ್ನು ಅವರೊಡನೆ ಸೇರಿ ನಿರ್ಮಿಸಿದ ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಈ ಮೂವರೂ ನಾಟಕ ಕಂಪನಿಗಳಲ್ಲಿ ಪಳಗಿದವರೇ. ಅವರಲ್ಲಿ ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ! ಆದರೂ ಅವರ ಮಾತಿನ ಕಾಲ ತಪ್ಪಿದುದನ್ನು ನಾವಂತೂ ಕಾಣೆವು. ಯಂತ್ರವು ಪಿಸುಮಾತನ್ನೂ ಹಿಡಿಯಬಲ್ಲ ಕಾಲ ಬಂದರೂ ಈ ನಟರು ಅಕ್ಷರದ ಬೆಲೆಯನ್ನು ಬಿಟ್ಟುಕೊಡಲಿಲ್ಲ. ಐತಿಹಾಸಿಕ ಚಿತ್ರಗಳಲ್ಲಿ ಕಿರೀಟ, ಕವಚಗಳು ಕಾಗದ ಹಾಗೂ ತಗಡಿನವಾಗಿರಬಹುದು. ಮಾತು ಮಾತ್ರ ಗಟ್ಟಿ ಲೋಹದ್ದು.

ಮುಂಬಯಿಯ ನಮ್ಮ ಮಕ್ಕಳಿಗೆ ಇದು ಬೇಕಾದ ಪಾಠ. ಮನೆಯಿಂದ ಹೊರಗೆ ಕಾಲಿಟ್ಟರೆ ಹಿಂದಿ, ನಡುವೆ ಮರಾಠಿ, ಎಲ್ಲೆಲ್ಲಿಯೂ ಇಂಗ್ಲಿಷು. ಹೀಗಾಗಿ ‘ಳ’ಕಾರವು ಕೆಲವರ ನಾಲಗೆಯಿಂದ ಮೆಲ್ಲನೆ ಜಾರುತ್ತಿದೆ. ಹಿಂದಿನ ವರ್ಷ ಒಬ್ಬ ಬಾಲಕನು ರಜೆಯಲ್ಲಿ ‘ಹಲ್ಲಿ’ಗೆ ಹೋಗಿಬಂದುದಾಗಿ ತರಗತಿಯಲ್ಲಿ ಹೇಳಿದಾಗ ಎಲ್ಲರೂ ಗೋಡೆಯ ಕಡೆ ನೋಡಿದರು. ಅಂಥವರಿಗೆ ವ್ಯಾಕರಣದ ಸೂತ್ರಕ್ಕಿಂತ ‘ಬಭ್ರುವಾಹನ’ದ ಒಂದು ಸಂಭಾಷಣೆ ಹೆಚ್ಚು ಉಪಕಾರ ಮಾಡೀತು.

ಸಂಗೀತದ ಮಾತಿಗೆ ಬಂದರೆ, 1977ರ ಆ ‘ಬಭ್ರುವಾಹನ’ವನ್ನೇ ಮತ್ತೆ ಹೆಸರಿಸಬೇಕಾಗುತ್ತದೆ. ತಂದೆ ಅರ್ಜುನನೂ ಮಗ ಬಭ್ರುವಾಹನನೂ ಒಬ್ಬರನ್ನೊಬ್ಬರು ಹಂಗಿಸುತ್ತ ಹಾಡುವ ಹಾಡೊಂದು ಅದರಲ್ಲಿದೆ. ಎರಡೂ ಪಾತ್ರಗಳು ರಾಜಕುಮಾರರವೇ. ಕಂಠ ಮಾತ್ರ ಒಂದಕ್ಕೆ ಪಿ.ಬಿ. ಶ್ರೀನಿವಾಸರದು, ಇನ್ನೊಂದಕ್ಕೆ ಸ್ವತಃ ರಾಜಕುಮಾರರದು. ಶ್ರೀನಿವಾಸರು ಆಂಧ್ರದ ಕಾಕಿನಾಡದವರು. ರಾಜಕುಮಾರರಿಗೆ ಬಹುಕಾಲ ಹಾಡಿ, ಇಬ್ಬರ ದನಿ ಒಂದೇ ಎಂಬ ಭ್ರಮೆ ಹುಟ್ಟಿಸಿದವರು. ನಟನು ತನ್ನ ಹಿಂದಿನ ದನಿಯೊಡನೆ ತಾನೇ ಸೆಣಸುವ ಆ ಹಾಡನ್ನು ಕೇಳುವಾಗಲೆಲ್ಲ ನಮಗೆ ಹಳೆಯ ನಾಟಕ ಕಂಪನಿಯ ರಂಗವೇ ಕಣ್ಣಿಗೆ ಕಟ್ಟುತ್ತದೆ. ಇಂತಹ ಸಂಗೀತ ನಾಟಕ ನಮ್ಮ ನೆರೆಯವರಾದ ಮರಾಠಿಗರ ಹೆಮ್ಮೆಯೂ ಹೌದು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ತಮ್ಮ ಮೊದಲ ನಾಟಕವನ್ನಾಡಲು ಪ್ರೇರಣೆಯಾದುದು ಕರ್ನಾಟಕದಿಂದ ಬಂದ ಭಾಗವತರ ಮೇಳವೆಂಬುದನ್ನು ಇಲ್ಲಿಯ ಗೆಳೆಯರಿಗೆ ನೀವು ವಿನಯದಿಂದ ತಿಳಿಸಬಹುದು.

ಇನ್ನು ನಮ್ಮ ತಪ್ಪಿನ ಕಥೆ. ಕದಂಬರ ಪಾಠವನ್ನು ಹೇಳುವಾಗ, ಪುಸ್ತಕವನ್ನು ಬದಿಗಿಟ್ಟು, 1975ರ ‘ಮಯೂರ’ ಚಿತ್ರದ ಕಥೆಯನ್ನೇ ಉತ್ಸಾಹದಿಂದ ಹೇಳಿಬಿಟ್ಟೆವು. ಬ್ರಾಹ್ಮಣ ಕುಮಾರನಾಗಿ ಬೆಳೆದ ಮಯೂರನಿಗೆ ತಾನು ಕದಂಬ ರಾಜವಂಶದವನೆಂಬ ಗುಟ್ಟು ತಿಳಿಯುತ್ತದೆ. ಕಳೆದ ರಾಜ್ಯವನ್ನು ಪಲ್ಲವರಿಂದ ಮರಳಿ ಪಡೆಯುತ್ತಾನೆ. ಮಕ್ಕಳು ಕಣ್ಣರಳಿಸಿ ಕೇಳಿದರು. ಅವರಲ್ಲೊಬ್ಬ ಬಾಲಕಿ ಅದನ್ನೇ ನಂಬಿ, ಅಂತರಶಾಲಾ ಪ್ರಬಂಧ ಸ್ಪರ್ಧೆಯಲ್ಲಿ ಸೊಗಸಾಗಿ ಬರೆದಳು. ಪ್ರಬಂಧವು ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆಯೊಡನೆ ಹಿಂದಿರುಗಿತು. “ಗುರುಗಳೇ, ತಾವೇ ಹೇಳಿದ್ದಿರಲ್ಲವೆ?” ಎಂದು ಅವಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ತಾಳಗುಂದ ಶಾಸನದ ಅನುವಾದವನ್ನು ತೆರೆದು ಕುಳಿತೆವು.

ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಮುಂದೆ, ಒಂದು ಕಲ್ಲಿನ ಕಂಬವಿದೆ. ಅದರ ಮೇಲೆ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ ಕೆತ್ತಲ್ಪಟ್ಟಿದೆ. ಅದರಂತೆ ಮಯೂರಶರ್ಮನು ರಾಜಕುಮಾರನಲ್ಲ, ವಿದ್ಯಾರ್ಥಿ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ, ಎಂದರೆ ಅಲ್ಲಿಯ ಪ್ರಸಿದ್ಧ ವಿದ್ಯಾಸ್ಥಾನಕ್ಕೆ, ಹೆಚ್ಚಿನ ವ್ಯಾಸಂಗಕ್ಕಾಗಿ ಹೋದವನು. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು; ಅವಮಾನವಾಯಿತು. ದರ್ಭೆ ಹಿಡಿದು ರೂಢಿಯಾದ ಕೈಯಲ್ಲಿ ಅವನು ಕತ್ತಿ ಹಿಡಿದನು. ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದ ಕಾಡನ್ನು ನೆಲೆಯಾಗಿಸಿಕೊಂಡು, ಸುತ್ತಲಿನ ಅರಸರಿಂದ ಕಪ್ಪ ಪಡೆದನು. ಕೊನೆಗೆ ಪಲ್ಲವರೇ ಅವನೊಡನೆ ಸಂಧಿ ಮಾಡಿಕೊಂಡು ನಾಡೊಂದನ್ನು ಬಿಟ್ಟುಕೊಟ್ಟರು. ಇದು ನಾಲ್ಕನೆಯ ಶತಮಾನದ ಸಂಗತಿ.

ಇವೆರಡರಲ್ಲಿ ಯಾವುದು ದೊಡ್ಡ ಕಥೆ? ಚಿತ್ರದ ಮಯೂರನು ತನ್ನದೇ ಆಗಿದ್ದುದನ್ನು ಹಿಂದಕ್ಕೆ ಪಡೆದನು. ಶಾಸನದ ಮಯೂರನಿಗೆ ಹಿಂದಕ್ಕೆ ಪಡೆಯಲು ಏನೂ ಇರಲಿಲ್ಲ; ಓದಲು ಹೋದ ಊರಿನಲ್ಲಿ ಅವಮಾನಿತನಾಗಿ, ಇಲ್ಲದ ರಾಜ್ಯವನ್ನು ಕಟ್ಟಿದನು. ನಮ್ಮ ಮಟ್ಟಿಗೆ ಕಲ್ಲಿನ ಕಥೆಯೇ ಹೆಚ್ಚು ರೋಮಾಂಚಕಾರಿಯಾದುದು. ಹಾಗೆಂದು ಚಿತ್ರವನ್ನು ದೂರುವುದು ನ್ಯಾಯವಲ್ಲ. ಅದು ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದುದು, ಕಾದಂಬರಿಕಾರನಿಗೆ ಕಲ್ಪನೆಯ ಹಕ್ಕುಂಟು. ಕಲ್ಲನ್ನೂ ಕುರುಡಾಗಿ ನಂಬಬಾರದು. ಈ ಶಾಸನ ಹುಟ್ಟಿದುದು ಮಯೂರಶರ್ಮನ ಕಾಲಕ್ಕೆ ಸುಮಾರು ನೂರು ವರ್ಷಗಳ ಅನಂತರ, ಅವನದೇ ವಂಶದ ಶಾಂತಿವರ್ಮನ ಕಾಲದಲ್ಲಿ. ವಂಶದ ಮೂಲಪುರುಷನನ್ನು ಹೊಗಳದೆ ಆಸ್ಥಾನಕವಿಗೆ ಗತಿಯಿತ್ತೆ? 1967ರ ‘ಇಮ್ಮಡಿ ಪುಲಿಕೇಶಿ’ಯನ್ನು ನೋಡುವವರು ಐಹೊಳೆಯಲ್ಲಿ ರವಿಕೀರ್ತಿ ಬರೆದ ಶಾಸನವನ್ನು ಓದುವಾಗಲೂ ಇದೇ ಎಚ್ಚರಿಕೆ ಬೇಕು.

ಮರುದಿನ ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಎರಡೂ ಕಥೆಗಳನ್ನು ಅಕ್ಕಪಕ್ಕದಲ್ಲಿ ಬರೆದು, ಆ ಬಾಲಕಿಯ ಕ್ಷಮೆ ಕೇಳಿದೆವು. ಅವಳು ಕ್ಷಮಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ವಾರ್ಷಿಕೋತ್ಸವಕ್ಕೆ ಕಂಚಿಯ ಜಗಳದ ದೃಶ್ಯವನ್ನೇ ಆಡಬೇಕೆಂದು ಹಟ ಹಿಡಿದವಳೂ ಅವಳೇ. ಮಾತುಗಳನ್ನು ಮಕ್ಕಳೇ ಬರೆದಿದ್ದಾರೆ. ‘ಹಲ್ಲಿ’ಗೆ ಹೋಗಿಬಂದ ಬಾಲಕನೇ ಮಯೂರಶರ್ಮ. ‘ತಾಳಗುಂದ’ವೆಂಬ ಹೆಸರನ್ನು ಅವನು ದಿನಕ್ಕೆ ಹತ್ತು ಸಲ ಮಾಳಿಗೆಯ ಕಡೆಗೆ ಮುಖ ಮಾಡಿ ಗಟ್ಟಿಯಾಗಿ ಹೇಳುತ್ತಿದ್ದಾನೆ. ಪಲ್ಲವನ ಕುದುರೆಗೆ ಮಾತ್ರ ಇನ್ನೂ ಯಾರೂ ಒಪ್ಪಿಲ್ಲ.